ಮ್ಯಾಗಜೀನ್ ಜೊತೆ ಬಂದ ಹಳೆ ಫ್ಲಾಪಿ ಓದುತ್ತಿಲ್ಲವೇ? ಎಸೆಯುವ ಮುಂಚೆ ಇಷ್ಟು ನೋಡಿ

1980ರ ದಶಕದ ಕೊನೆಯಿಂದ 90ರ ದಶಕದ ನಡುವಿನವರೆಗೆ ಬ್ರಿಟನ್ನಿನ ಕಂಪ್ಯೂಟರ್ ಮ್ಯಾಗಜೀನ್‌ಗಳು ಮುಖಪುಟಕ್ಕೆ ಒಂದು ಫ್ಲಾಪಿ ಅಂಟಿಸಿಯೇ ಅಂಗಡಿಗೆ ಬರುತ್ತಿದ್ದವು. ಅಮಿಗಾ ಫಾರ್ಮ್ಯಾಟ್, ಎಸ್‌ಟಿ ಫಾರ್ಮ್ಯಾಟ್, ಪಿಸಿ ಪ್ಲಸ್, ಹೀಗೆ ಎಲ್ಲರದ್ದೂ ಅದೇ ಪೈಪೋಟಿ. (ಅಮಿಗಾ, ಅಟಾರಿ ಎಸ್‌ಟಿ ಎರಡೂ ಆ ಕಾಲದ ಮನೆ ಕಂಪ್ಯೂಟರುಗಳು.) 1991ರಲ್ಲಿ ಶುರುವಾದ ಅಮಿಗಾ ಪವರ್ ತನ್ನ ಮೊದಲ ಸಂಚಿಕೆಯಲ್ಲೇ 'ಬಾಂಬುಜಲ್' ಎಂಬ ಆಟವನ್ನು ಪೂರ್ತಿಯಾಗಿ ಕೊಟ್ಟಿತು. ಡಿಸ್ಕಿನಲ್ಲಿ ಇರುವ ಜಾಗ ಮುಕ್ಕಾಲು ಎಂಬಿಯ ಆಸುಪಾಸು. ಮುಖಪುಟದಲ್ಲಿ ಕೊಟ್ಟ ಭರವಸೆ ಅದಕ್ಕಿಂತ ಜಾಸ್ತಿ. ಹಾಗಾಗಿ ಡಿಸ್ಕ್ ತಯಾರಿಸುವವರು ಸಿಕ್ಕ ಉಪಾಯವನ್ನೆಲ್ಲ ಬಳಸಿ ತುರುಕುತ್ತಿದ್ದರು.

ಇವತ್ತು ಆ ಡಿಸ್ಕ್ ಹಾಕಿದಾಗ ಬರುವ ಎಷ್ಟೋ ದೋಷಗಳಿಗೆ ಆ ತುರುಕಾಟವೇ ಕಾರಣ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ನಮ್ಮ ಕಂಪ್ಯೂಟರಿಗೆ ಅದನ್ನು ಬಿಚ್ಚಲು ಬರುವುದಿಲ್ಲ, ಅಷ್ಟೇ. ನಿಜವಾಗಿ ಕೆಟ್ಟ ಡಿಸ್ಕೂ, ಬಿಚ್ಚಲು ಬಾರದ ಡಿಸ್ಕೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಎರಡನ್ನೂ ಬೇರೆ ಮಾಡಿ ನೋಡುವುದೇ ಇಲ್ಲಿನ ಕೆಲಸ.

ಮೊದಲು ಎರಡು ಎಚ್ಚರಿಕೆ

ಡಿಸ್ಕಿನ ಮೂಲೆಯ ಕಿಂಡಿ ನೋಡಿ. 3.5 ಇಂಚಿನ ಡಿಸ್ಕಿನಲ್ಲಿ ಈ ಕಿಂಡಿ ತೆರೆದಿದ್ದರೆ ಬರೆಯಲು ಆಗುವುದಿಲ್ಲ, ಓದಲು ಮಾತ್ರ ಆಗುತ್ತದೆ. ನಮಗೆ ಬೇಕಾಗಿರುವುದೂ ಅದೇ. ಮ್ಯಾಗಜೀನ್ ಡಿಸ್ಕುಗಳಲ್ಲಿ ಎಷ್ಟೋ ಸಲ ಅದನ್ನು ಮುಚ್ಚುವ ಪ್ಲಾಸ್ಟಿಕ್ ತುಂಡೇ ಇರುತ್ತಿರಲಿಲ್ಲ. ಆ ಕಿಂಡಿಗೆ ಯಾರೋ ಟೇಪ್ ಅಂಟಿಸಿದ್ದರೆ ಹಳೆಯದನ್ನು ಅಳಿಸಿ ಬೇರೇನೋ ಹಾಕಿಕೊಂಡಿದ್ದಾರೆ ಅಂತಲೇ ಇಟ್ಟುಕೊಳ್ಳಿ. ಲೇಬಲ್ ಮೇಲೆ ಆಟದ ಹೆಸರು ಇರುತ್ತದೆ, ಒಳಗೆ ಯಾರದೋ ಕಾಲೇಜಿನ ಪ್ರಾಜೆಕ್ಟ್ ಇರುತ್ತದೆ! ಟೇಪ್ ಕಿತ್ತು, ಕಿಂಡಿ ತೆರೆದಿಟ್ಟು ಮುಂದುವರಿಯಿರಿ.

ಎರಡನೆಯದು, ವಿಂಡೋಸ್ 'ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಯಾವ ಕಾರಣಕ್ಕೂ ಹೂಂ ಅನ್ನಬೇಡಿ. ಅಲ್ಲಿ ಏನೂ ಇಲ್ಲ ಅಂತ ಆ ಮಾತಿನ ಅರ್ಥವಲ್ಲ. ಅಲ್ಲಿರುವುದು ವಿಂಡೋಸಿಗೆ ಗೊತ್ತಾಗಲಿಲ್ಲ ಅಂತ ಮಾತ್ರ.

ಡಿಸ್ಕ್ ಒಳಗೆ ಹೋಗುತ್ತಿಲ್ಲ, ಸಿಕ್ಕಿಕೊಳ್ಳುತ್ತದೆ, ಅಥವಾ ಕೆರೆದ ಸದ್ದು ಬರುತ್ತದೆ

ಮುಖಪುಟಕ್ಕೆ ಅಂಟಿಸಿದ ಗೋಂದು ಡಿಸ್ಕಿನ ಮೇಲೆ ಉಳಿದಿರಬಹುದು. ಮ್ಯಾಗಜೀನ್ ಕಟ್ಟುಗಳ ಕೆಳಗೆ ವರ್ಷಗಟ್ಟಲೆ ಬಿದ್ದು ತಗಡಿನ ಬಾಗಿಲು ಬಗ್ಗಿರಬಹುದು. ಬಾಗಿಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಬಿಡಿ. ಸರಾಗವಾಗಿ ಸರಿದು ತಾನಾಗಿ ಮುಚ್ಚಿಕೊಳ್ಳಬೇಕು. ಬಗ್ಗಿದ ಬಾಗಿಲಿನ ಡಿಸ್ಕನ್ನು ಬಲವಂತವಾಗಿ ತಳ್ಳಿದರೆ ಹೊರಗೆಳೆಯುವಾಗ ಅದು ಡ್ರೈವಿನ ಹೆಡ್ಡನ್ನೇ, ಅಂದರೆ ಡಿಸ್ಕ್ ಓದುವ ಭಾಗವನ್ನೇ, ಕಿತ್ತುಕೊಂಡು ಬರಬಹುದು. ಅಂಥ ಬಾಗಿಲನ್ನು ಮೆಲ್ಲಗೆ ಬಿಡಿಸಿ ತೆಗೆದುಬಿಡಿ. ಬಾಗಿಲಿಲ್ಲದೆಯೂ ಡಿಸ್ಕ್ ಓದುತ್ತದೆ.

ಬಾಗಿಲು ಸರಿಸಿದಾಗ ಒಳಗಿನ ಕಂದು ಹಾಳೆ ಒಂದೇ ಸಮನೆ ಹೊಳೆಯಬೇಕು. ಬಿಳಿ ಚುಕ್ಕೆ ಅಥವಾ ಜೇಡರ ಬಲೆಯಂಥ ಮಸುಕು ಕಂಡರೆ ಅದು ಬೂಸ್ಟು. ಕರಾವಳಿಯಲ್ಲೋ ಮಲೆನಾಡಿನಲ್ಲೋ ನಾಲ್ಕಾರು ಮಳೆಗಾಲ ಅಟ್ಟದ ಮೇಲೆ ಕಳೆದ ಡಿಸ್ಕಿನಲ್ಲಿ ಬೂಸ್ಟು ಇಲ್ಲದಿದ್ದರೇ ಆಶ್ಚರ್ಯ. ಬೂಸ್ಟು ಹಿಡಿದ ಡಿಸ್ಕನ್ನು ಡ್ರೈವಿಗೆ ಹಾಕಬೇಡಿ. ಆ ಕೊಳೆ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಾಕುವ ಒಳ್ಳೆ ಡಿಸ್ಕನ್ನೂ ಗೀರುತ್ತದೆ. ಕರಕರ ಸದ್ದು ಕೇಳಿದ ಕ್ಷಣ ಡಿಸ್ಕ್ ಹೊರಗೆ ತೆಗೆಯಿರಿ, 'ಇನ್ನೊಂದ್ಸಲ ನೋಡೋಣ' ಬೇಡ.

ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಮೇಲಿನ ಹೆಡ್ಡನ್ನು ಎತ್ತಿ ಜಗ್ಗಬೇಡಿ, ಅದರ ತೆಳು ಪಟ್ಟಿ ಬೇಗ ಬಗ್ಗುತ್ತದೆ. ಈ ಆಲ್ಕೋಹಾಲಿಗೆ ಬೆಂಕಿ ಬೇಗ ಹತ್ತುತ್ತದೆ. ಕಿಟಕಿ ತೆರೆದಿಡಿ, ಯಂತ್ರದ ಪ್ಲಗ್ ಕಿತ್ತಿಡಿ, ಪೂರ್ತಿ ಒಣಗಿದ ಮೇಲೆ ಕರೆಂಟು ಕೊಡಿ. ಬೂಸ್ಟು ಮುಟ್ಟುವಾಗ ಮಾಸ್ಕ್ ಇರಲಿ.

ಒಂದು ಮಾತು: ಅಮಿಗಾದಲ್ಲಿ ಖಾಲಿ ಡ್ರೈವ್ ಒಂದೆರಡು ಸೆಕೆಂಡಿಗೊಮ್ಮೆ 'ಟಕ್' ಅನ್ನುವುದು ದೋಷವಲ್ಲ. ಡಿಸ್ಕ್ ಹಾಕಿದ್ದೀರಾ ಅಂತ ಅದು ನೋಡುತ್ತಿರುತ್ತದೆ.

ಡ್ರೈವಿನ ದೀಪ ಆರುವುದೇ ಇಲ್ಲ

ಪಿಸಿಯಲ್ಲಿ ಆನ್ ಮಾಡಿದಾಗಿನಿಂದ ದೀಪ ಉರಿಯುತ್ತಲೇ ಇದ್ದರೆ ರಿಬ್ಬನ್ ಕೇಬಲ್ ತಿರುಗುಮುರುಗಾಗಿದೆ. ಯಂತ್ರ ಆಫ್ ಮಾಡಿ, ಕೇಬಲ್ ತಿರುಗಿಸಿ ಹಾಕಿ. ಆಗಲೇ ಒಳಗೆ ಡಿಸ್ಕ್ ಇದ್ದಿದ್ದರೆ ಅದರ ಮೇಲೆ ಅನುಮಾನ ಇಟ್ಟುಕೊಳ್ಳಿ. ಕೇಬಲ್ ಪರೀಕ್ಷೆಗೆ ಬೇಡದ ಡಿಸ್ಕನ್ನೇ ಬಳಸಬೇಕು.

ಹೊಸ ಡಿಸ್ಕ್ ಹಾಕಿದರೂ ಹಳೆ ಡಿಸ್ಕಿನ ಪಟ್ಟಿಯೇ ಬರುತ್ತದೆ

ಇದು ನೋಡಲು ತಮಾಷೆ, ಆದರೆ ತುಂಬಾ ಅಪಾಯದ್ದು. ಡಿಸ್ಕ್ ಬದಲಾಯಿತು ಅಂತ ಡ್ರೈವ್ 34ನೇ ಪಿನ್ನಿನ ಮೂಲಕ ಪಿಸಿಗೆ ಹೇಳುತ್ತದೆ. ಆ ತಂತಿ ಕಡಿದಿದ್ದರೆ, ಅಥವಾ ಅಮಿಗಾ ಡ್ರೈವನ್ನು ಪಿಸಿಗೆ ಹಾಕಿದ್ದರೆ, ಪಿಸಿಗೆ ಸುದ್ದಿ ಮುಟ್ಟುವುದಿಲ್ಲ. ನೆನಪಿನಲ್ಲಿರುವ ಹಳೆ ಪಟ್ಟಿಯನ್ನೇ ತೋರಿಸುತ್ತದೆ. ಆ ಹೊತ್ತಿನಲ್ಲಿ ಏನಾದರೂ ಬರೆದರೆ ಹಳೆ ಡಿಸ್ಕಿನ ಲೆಕ್ಕ ಹೊಸ ಡಿಸ್ಕಿನ ಮೇಲೆ ಕೂತು ಎರಡೂ ಇಲ್ಲದಂತಾಗುತ್ತದೆ. ಕೇಬಲ್ ಬದಲಿಸಿ ನೋಡಿ, ಆಮೇಲೆ ಡ್ರೈವ್ ಬದಲಿಸಿ.

'ಫಾರ್ಮ್ಯಾಟ್ ಮಾಡಿ' ಅಥವಾ 'ಜನರಲ್ ಫೇಲ್ಯೂರ್' ಅನ್ನುತ್ತದೆ

ಹೆಚ್ಚು ಡಿಸ್ಕುಗಳು ಕಸದ ಬುಟ್ಟಿ ಸೇರುವುದು ಇಲ್ಲೇ. ಸ್ವಲ್ಪ ತಾಳ್ಮೆ ಇರಲಿ.

ಮೊದಲು ಲೇಬಲ್ ಓದಿ. ಯಾವ ಯಂತ್ರದ ಡಿಸ್ಕ್ ಇದು? ಟ್ರ್ಯಾಕ್ ಅಂದರೆ ಡಿಸ್ಕಿನ ಮೇಲಿನ ಒಂದು ಉಂಗುರ, ಸೆಕ್ಟರ್ ಅಂದರೆ ಆ ಉಂಗುರದ ಒಂದು ತುಂಡು. ಪಿಸಿಯ 720 ಕೆಬಿ ಡಿಸ್ಕಿನಲ್ಲಿ ಒಂದೊಂದು ಮೈಯಲ್ಲಿ 80 ಟ್ರ್ಯಾಕ್, ಟ್ರ್ಯಾಕಿಗೆ 9 ಸೆಕ್ಟರ್. ಸೆಕ್ಟರಿನಿಂದ ಸೆಕ್ಟರಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ, ಒಂದನ್ನು ಬರೆಯುವಾಗ ಪಕ್ಕದ್ದು ಅಳಿಸದಿರಲಿ ಅಂತ. ಅಮಿಗಾ ಒಂದು ಟ್ರ್ಯಾಕನ್ನು ಪೂರ್ತಿ ಒಂದೇ ಸಲಕ್ಕೆ ಬರೆಯುತ್ತದೆ. ಹಾಗಾಗಿ ಆ ಖಾಲಿ ಜಾಗ ಅದಕ್ಕೆ ಬೇಡ. ಅದೇ ಡಿಸ್ಕಿನಲ್ಲಿ ಟ್ರ್ಯಾಕಿಗೆ 11 ಸೆಕ್ಟರ್ ಕೂರಿಸಿ 880 ಕೆಬಿ ಮಾಡಿಕೊಳ್ಳುತ್ತದೆ. ಪಿಸಿಯ ಫ್ಲಾಪಿ ಕಂಟ್ರೋಲರಿಗೆ (ಡ್ರೈವನ್ನು ನಡೆಸುವ ಚಿಪ್ಪಿಗೆ) ಈ ಬರವಣಿಗೆ ಅರ್ಥವೇ ಆಗುವುದಿಲ್ಲ. ಯುಎಸ್‌ಬಿ ಡ್ರೈವಿಗಂತೂ ಮೊದಲೇ ಆಗುವುದಿಲ್ಲ. ಅಮಿಗಾ ಡಿಸ್ಕನ್ನು ಪಿಸಿಗೆ ಹಾಕಿ 'ಹಾಳಾಗಿದೆ' ಅನ್ನುವುದು ಅನ್ಯಾಯ, ಅಲ್ವಾ?

ಅಟಾರಿ ಎಸ್‌ಟಿ ಡಿಸ್ಕ್ ಪಿಸಿಗೆ ಹತ್ತಿರದ ನೆಂಟ. ಅದರದ್ದೂ 9 ಸೆಕ್ಟರ್, 720 ಕೆಬಿ. ಆದರೆ ಹಳೆಯ ಎಸ್‌ಟಿಗಳು ಫಾರ್ಮ್ಯಾಟ್ ಮಾಡುವಾಗ ಪಿಸಿ ಹುಡುಕುವ ಗುರುತನ್ನು ಮೊದಲ ಸೆಕ್ಟರಿನಲ್ಲಿ ಹಾಕುತ್ತಿರಲಿಲ್ಲ. ಜೊತೆಗೆ, ಜಾಗ ಸಾಲದಾಗ ಟ್ರ್ಯಾಕಿಗೆ 10 ಸೆಕ್ಟರ್ ಹಾಕುವುದು, 80ರ ಆಚೆಗೆ ಇನ್ನೂ ಒಂದೆರಡು ಟ್ರ್ಯಾಕ್ ಎಳೆಯುವುದು ಎಸ್‌ಟಿ ಜಗತ್ತಿನಲ್ಲಿ ಮಾಮೂಲು. 82 ಟ್ರ್ಯಾಕ್, 10 ಸೆಕ್ಟರ್ ಅಂದರೆ 820 ಕೆಬಿ. ನೂರು ಕೆಬಿ ಸುಮ್ನೆ ಸಿಕ್ಕ ಹಾಗೆ! ಆ ಕೊನೆಯ ಟ್ರ್ಯಾಕುಗಳನ್ನು ಕೆಲವು ಡ್ರೈವುಗಳ ಹೆಡ್ ಮುಟ್ಟುವುದೇ ಇಲ್ಲ. ಪಟ್ಟಿ ಸರಿಯಾಗಿ ಬಂದು ಕೊನೆಯ ಫೈಲುಗಳಷ್ಟೇ ಸಿಗದಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಇದಕ್ಕಿಂತ ಜಾಣ ಡಿಸ್ಕುಗಳೂ ಇದ್ದವು. ಎಸ್‌ಟಿ ಮತ್ತು ಅಮಿಗಾ ಎರಡಕ್ಕೂ ಸೇರಿ ಬರುತ್ತಿದ್ದ 'ಎಸ್‌ಟಿ/ಅಮಿಗಾ ಫಾರ್ಮ್ಯಾಟ್' ಮ್ಯಾಗಜೀನ್ ಒಂದೇ ಡಿಸ್ಕನ್ನು ಎರಡೂ ಯಂತ್ರ ಓದುವಂತೆ ಮಾಡಿಸಿ ಕೊಡುತ್ತಿತ್ತು. ಅಂಥ ಡಿಸ್ಕಿನಲ್ಲಿ ಒಂದು ಯಂತ್ರಕ್ಕೆ ಅರ್ಧ ಡಿಸ್ಕ್ ಕೆಟ್ಟಂತೆ ಕಂಡರೆ, ಆ ಅರ್ಧ ಇನ್ನೊಂದು ಯಂತ್ರದ್ದು.

ಪಿಸಿಯಲ್ಲಿ 1.44 ಎಂಬಿ ಡಿಸ್ಕಿಗೂ ಇಂಥ ಉಪಾಯ ಇದೆ. 18ರ ಬದಲು 21 ಸೆಕ್ಟರ್ ಹಾಕಿದರೆ 1,680 ಕೆಬಿ ಸಿಗುತ್ತದೆ. ಮೈಕ್ರೋಸಾಫ್ಟ್ ತನ್ನ ಇನ್‌ಸ್ಟಾಲ್ ಡಿಸ್ಕುಗಳಿಗೆ ಇದನ್ನೇ ಬಳಸಿ ಡಿಎಂಎಫ್ ಅಂತ ಕರೆಯಿತು. ಎಫ್‌ಡಿಫಾರ್ಮ್ಯಾಟ್, ವಿಜಿಎ‌ಕಾಪಿ ಥರದ ಪ್ರೋಗ್ರಾಮುಗಳಿಂದ ಯಾರು ಬೇಕಾದರೂ ಹೀಗೆ ಹಿಗ್ಗಿಸಿದ ಡಿಸ್ಕ್ ಮಾಡಬಹುದಿತ್ತು. ಯುಎಸ್‌ಬಿ ಡ್ರೈವ್ ಸಾಮಾನ್ಯವಾಗಿ ಇವನ್ನು ಓದುವುದಿಲ್ಲ. ಮದರ್‌ಬೋರ್ಡಿನಲ್ಲೇ ಫ್ಲಾಪಿ ಕನೆಕ್ಟರ್ ಇರುವ ಹಳೆ ಪಿಸಿ ಸಿಕ್ಕರೆ ಅದರಲ್ಲಿ ಹಾಕಿ ನೋಡಿ.

ಇನ್ನು ರಂಧ್ರಗಳ ಕಥೆ. ಒಂದೇ ಕಡೆ ಕಿಂಡಿ ಇದ್ದರೆ ಡಿಡಿ ಡಿಸ್ಕ್ (720 ಕೆಬಿಯ ಥರದ್ದು), ಎರಡೂ ಕಡೆ ಇದ್ದರೆ ಎಚ್‌ಡಿ (1.44 ಎಂಬಿಯದ್ದು). ಎರಡು ಕಿಂಡಿಯ ಡಿಸ್ಕನ್ನು ಅಮಿಗಾದಲ್ಲೋ ಎಸ್‌ಟಿಯಲ್ಲೋ ಡಿಡಿಯಾಗಿ ಬಳಸಿದ್ದರೆ ಪಿಸಿ ಡ್ರೈವ್ ಕಿಂಡಿ ನೋಡಿ ಎಚ್‌ಡಿ ಅಂದುಕೊಂಡು ದುಪ್ಪಟ್ಟು ವೇಗದಲ್ಲಿ ಓದಲು ಹೋಗಿ ಸೋಲುತ್ತದೆ. ಆ ಎರಡನೇ ಕಿಂಡಿಗೆ, ಅಂದರೆ ಬರೆಯುವುದನ್ನು ತಡೆಯುವ ಕಿಂಡಿಯ ಎದುರು ಮೂಲೆಯದಕ್ಕೆ ಮಾತ್ರ, ಟೇಪ್ ಹಚ್ಚಿ ಮತ್ತೆ ಹಾಕಿ. ಖರ್ಚಿಲ್ಲದ ಪರೀಕ್ಷೆ, ತಪ್ಪದೆ ಮಾಡಿ. ಕೆಲವು ಅಗ್ಗದ ಯುಎಸ್‌ಬಿ ಡ್ರೈವುಗಳು 720 ಕೆಬಿ ಡಿಸ್ಕನ್ನು ಮುಟ್ಟುವುದೇ ಇಲ್ಲ, ಅದೂ ತಲೆಯಲ್ಲಿರಲಿ.

ಅಮಿಗಾದಲ್ಲೇ ಹಾಕಿದರೂ 'ಎನ್‌ಡಾಸ್' ಅನ್ನುತ್ತದೆ

ಗಾಬರಿ ಬೇಡ. ಎಷ್ಟೋ ಆಟಗಳು ಅಮಿಗಾದ ಫೈಲ್ ವ್ಯವಸ್ಥೆಯನ್ನು ಬಿಟ್ಟು ತಮ್ಮದೇ ರೀತಿಯಲ್ಲಿ ಟ್ರ್ಯಾಕ್ ತುಂಬಿಕೊಳ್ಳುತ್ತಿದ್ದವು. ಅಂಥ ಡಿಸ್ಕಿಗೆ ಐಕಾನ್ ಮೇಲೆ ಎನ್‌ಡಾಸ್ ಅಂತ ಬರುವುದೇ ಸರಿ. ಯಂತ್ರ ಆಫ್ ಮಾಡಿ, ಡಿಸ್ಕ್ ಹಾಕಿ, ಆನ್ ಮಾಡಿ. ಆಟ ತಾನೇ ಶುರುವಾಗುತ್ತದೆ. ಡಿಸ್ಕ್ ಬದಲಿಸುವಾಗೆಲ್ಲ ಆಫ್ ಮಾಡುವ ಅಭ್ಯಾಸ ಒಳ್ಳೆಯದು. ಆ ಕಾಲದ ಬೂಟ್ ವೈರಸ್ಸುಗಳು ರೀಸೆಟ್ ಮಾಡಿದರೂ ಮೆಮೊರಿಯಲ್ಲಿ ಉಳಿದು, ಬರೆಯಲು ಬಿಟ್ಟ ಮುಂದಿನ ಡಿಸ್ಕಿಗೆ ಹತ್ತುತ್ತಿದ್ದವು.

ಪಟ್ಟಿ ಬರುತ್ತದೆ, ಫೈಲ್ ಓದುವಾಗ ನಿಲ್ಲುತ್ತದೆ

ಇದು ನಿಜವಾದ ಡಿಸ್ಕ್ ದೋಷ ಆಗಿರುವ ಸಾಧ್ಯತೆ ಹೆಚ್ಚು. ಡಾಸ್ (ವಿಂಡೋಸಿಗೆ ಮುಂಚಿನ ಪಿಸಿ ವ್ಯವಸ್ಥೆ) ಏನು ಹೇಳುತ್ತದೆ ಅಂತ ಗಮನಿಸಿ. 'ಡೇಟಾ ಎರರ್' ಅಂದರೆ ಸೆಕ್ಟರ್ ಸಿಕ್ಕಿದೆ, ಒಳಗಿನ ಲೆಕ್ಕ ತಾಳೆಯಾಗುತ್ತಿಲ್ಲ. 'ಸೆಕ್ಟರ್ ನಾಟ್ ಫೌಂಡ್' ಅಂದರೆ ಸೆಕ್ಟರಿನ ತಲೆಬರಹವೇ ಸಿಗುತ್ತಿಲ್ಲ. ಮೊದಲನೆಯದರಲ್ಲಿ ಆಸೆ ಜಾಸ್ತಿ. ಐದಾರು ಸಲ ರಿಟ್ರೈ ಕೊಡಿ, ಆಗದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ. ಎರಡು ಡ್ರೈವುಗಳ ಹೆಡ್ ಕೂದಲೆಳೆಯಷ್ಟು ಆಚೀಚೆ ಇರುತ್ತವೆ. ಒಂದರಲ್ಲಿ ಓದದ್ದು ಇನ್ನೊಂದರಲ್ಲಿ ಓದುವುದು ಅಪರೂಪವೇನಲ್ಲ.

ಲಿನಕ್ಸ್ ಗೊತ್ತಿದ್ದರೆ ಡಿಡಿರೆಸ್ಕ್ಯೂ ಬಳಸಿ. ಸಿಕ್ಕ ಸೆಕ್ಟರನ್ನು ಎತ್ತಿಟ್ಟುಕೊಂಡು ಸಿಗದ್ದನ್ನು ಬರೆದಿಡುತ್ತದೆ. ಡ್ರೈವ್ ಬದಲಿಸಿ ಮತ್ತೆ ಓಡಿಸಿದರೆ ಬಾಕಿ ಇದ್ದದ್ದನ್ನು ಮಾತ್ರ ಹುಡುಕುತ್ತದೆ.

ಮ್ಯಾಗಜೀನ್ ಡಿಸ್ಕಿಗೆ ಇರುವ ದೊಡ್ಡ ಅನುಕೂಲ ಬೇರೆ ಡಿಸ್ಕಿಗಿಲ್ಲ. ಒಂದೇ ಮಾಸ್ಟರಿನಿಂದ ಸಾವಿರಾರು ಪ್ರತಿ ತೆಗೆದಿರುತ್ತಾರೆ. ಅದೇ ಸಂಚಿಕೆಯ ಇನ್ನೊಂದು ಪ್ರತಿ ಸಿಕ್ಕರೆ, ಅದೂ ಅರ್ಧ ಕೆಟ್ಟಿದ್ದರೂ ಚಿಂತೆಯಿಲ್ಲ. ನಿಮ್ಮದರಲ್ಲಿ ಹೋದ ಸೆಕ್ಟರ್ ಅದರಲ್ಲಿ ಉಳಿದಿದ್ದರೆ ಎರಡನ್ನೂ ಸೇರಿಸಿ ಒಂದು ಪೂರ್ತಿ ಡಿಸ್ಕ್ ಮಾಡಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲೂ ಇಂಥ ಡಿಸ್ಕುಗಳ ಇಮೇಜ್ (ಇಡೀ ಡಿಸ್ಕನ್ನು ಒಂದೇ ಫೈಲಾಗಿ ನಕಲಿಸಿದ್ದು) ಬೇಕಾದಷ್ಟಿವೆ. ಹೆಣಗಾಡುವ ಮೊದಲು ಅಲ್ಲೊಮ್ಮೆ ಹುಡುಕಿ.

ಫೈಲ್ ಕಾಪಿ ಆಯಿತು, ಆದರೆ ಬಿಚ್ಚುತ್ತಿಲ್ಲ

ಫೈಲನ್ನು ಹೆಕ್ಸ್ ಎಡಿಟರಿನಲ್ಲಿ (ಬೈಟುಗಳನ್ನು ಇದ್ದ ಹಾಗೇ ತೋರಿಸುವ ಪ್ರೋಗ್ರಾಮಿನಲ್ಲಿ) ತೆರೆದು ಮೊದಲ ಸಾಲು ನೋಡಿ. ಹೆಸರಿನ ಬಾಲ ಏನೇ ಇರಲಿ, ಮೊದಲ ಅಕ್ಷರಗಳು ಸುಳ್ಳು ಹೇಳುವುದಿಲ್ಲ. ಇಂಗ್ಲಿಷಿನ ಪಿ, ಕೆ ಅಂತ ಶುರುವಾದರೆ ಜಿಪ್. ಅದನ್ನು ಮಾಡಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ ಅದು. ಎರಡು ಬೈಟ್ ಬಿಟ್ಟು 'ಎಲ್‌ಎಚ್5' ಥರದ ಗುರುತು ಕಂಡರೆ ಜಪಾನಿನ ಎಲ್‌ಎಚ್‌ಎ. ಅಮಿಗಾದವರು ಅದನ್ನು ತುಂಬಾ ನೆಚ್ಚಿಕೊಂಡಿದ್ದರು. 'ಪಿಪಿ20' ಅಂತ ಇದ್ದರೆ ನಿಕೊ ಫ್ರಾನ್ಸ್ವಾ ಅವರ ಪವರ್‌ಪ್ಯಾಕರ್.

ಪವರ್‌ಪ್ಯಾಕರ್ ಬಗ್ಗೆ ಸ್ವಲ್ಪ ಹೇಳಬೇಕು. ಪ್ರೋಗ್ರಾಮ್ ಅಷ್ಟೇ ಅಲ್ಲ, ಬಳಸುವ ವಿವರ ಬರೆದ ಕಡತವನ್ನೂ ಅದರಲ್ಲಿ ಹಿಂಡಿ ಇಡುತ್ತಿದ್ದರು. ಮಾಮೂಲಿ ಎಡಿಟರಿನಲ್ಲಿ ತೆರೆದರೆ ಕಸ ಕಾಣುತ್ತದೆ. ಡಿಸ್ಕ್ ಕೆಟ್ಟಿದೆ ಅನ್ನಿಸುತ್ತದೆ. ಪಿಪಿಮೋರ್ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ ತೆರೆದರೆ ಅದೇ ಕಡತ ಸಲೀಸಾಗಿ ಓದಲು ಸಿಗುತ್ತದೆ.

ಅಮಿಗಾದಲ್ಲಿ ಹೆಸರಿನ ಕೊನೆಗೆ 'ಡಿಎಂಎಸ್' ಇದ್ದರೆ ಅದು ಫೈಲುಗಳ ಗಂಟಲ್ಲ, ಇಡೀ ಡಿಸ್ಕೇ ಟ್ರ್ಯಾಕ್ ಟ್ರ್ಯಾಕಾಗಿ ಹಿಂಡಿದ್ದು. ಇದರಿಂದಲೇ ಒಂದು ಫ್ಲಾಪಿಯಲ್ಲಿ ಎರಡು ಫ್ಲಾಪಿಯ ಸರಕು ಕೊಡಲು ಆಗುತ್ತಿದ್ದದ್ದು. ಬಿಚ್ಚಲು ಖಾಲಿ ಡಿಸ್ಕ್ ಬೇಕು. ಪಿಸಿಯಲ್ಲೇ ಅಮಿಗಾದಂತೆ ನಡೆಯುವ ವಿನ್‌ಯುಎಇ ಎಮ್ಯುಲೇಟರಿನಲ್ಲಾದರೆ ಆ ಫೈಲನ್ನೇ ನೇರವಾಗಿ ಡ್ರೈವಿಗೆ ಹಾಕಬಹುದು.

ಪಿಸಿಯಲ್ಲಿ ಜಿಪ್ ಬಿಚ್ಚುವ ಪಿಕೆಅನ್‌ಜಿಪ್ 'ಇದನ್ನು ಹೇಗೆ ಬಿಚ್ಚಬೇಕೋ ನನಗೆ ಗೊತ್ತಿಲ್ಲ' ಅಂತ ಎಚ್ಚರಿಸಿದರೆ ನಿಮ್ಮ ಹತ್ತಿರ ಇರುವುದು 1.10 ಆವೃತ್ತಿ, ಫೈಲ್ ಮಾಡಿರುವುದು 1993ರ 2.04ಜಿ ಕಾಲದ್ದು. ಹೊಸ ಆವೃತ್ತಿ ಅಥವಾ ಇವತ್ತಿನ 7-ಜಿಪ್ ಸಾಕು. ಡಿಸ್ಕಿನ ವಾಲ್ಯೂಮ್ ಲೇಬಲ್ 'ಪಿಕೆಬ್ಯಾಕ್' ಅಂತಲೂ 001 ಅಂತಲೂ ಇದ್ದರೆ ಅದು ಒಂದಕ್ಕಿಂತ ಹೆಚ್ಚು ಡಿಸ್ಕಿಗೆ ಹರಿದು ಹಂಚಿದ ಜಿಪ್. ಒಂದನ್ನೇ ಹಿಡಿದು ಎಷ್ಟು ಗುದ್ದಾಡಿದರೂ ಬಿಚ್ಚದು. ಕೊನೆಯ ಡಿಸ್ಕ್ ಮೊದಲು ಕೇಳುತ್ತದೆ, ಯಾಕೆಂದರೆ ಜಿಪ್ಪಿನ ಪಟ್ಟಿ ಇರುವುದೇ ಕೊನೆಯಲ್ಲಿ.

ಸಿಆರ್‌ಸಿ (ಫೈಲಿನ ಜೊತೆ ಇಟ್ಟ ತಾಳೆ ಲೆಕ್ಕ) ತಪ್ಪು ಅಂತ ಬಂದರೆ ಮಾತ್ರ ಬೈಟುಗಳೇ ಕೆಟ್ಟಿವೆ. ಹಿಂದಿನ ಭಾಗಕ್ಕೆ ಹೋಗಿ ಡಿಸ್ಕನ್ನು ಮತ್ತೆ ಓದಿಸಿ.

'ಜಾಗ ಸಾಲದು' ಅನ್ನುತ್ತದೆ

ಡಿಸ್ಕ್ ಅಂಚಿನವರೆಗೆ ತುಂಬಿರುತ್ತದೆ. ತಾನೇ ಬಿಚ್ಚಿಕೊಳ್ಳುವ ಫೈಲನ್ನು ಫ್ಲಾಪಿಯ ಎ ಡ್ರೈವಿನಲ್ಲೇ ಓಡಿಸಿದರೆ ಬಿಚ್ಚಿದ್ದನ್ನು ಇಡಲು ಜಾಗವೆಲ್ಲಿ? ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ಅಲ್ಲಿ ಓಡಿಸಿ.

ಜಾಗ ಇದ್ದೂ ಹೀಗೆ ಅಂದರೆ ಫೈಲುಗಳ ಸಂಖ್ಯೆ ನೋಡಿ. 720 ಕೆಬಿ ಡಿಸ್ಕಿನ ಮೇಲ್ಮಟ್ಟದ ಪಟ್ಟಿಯಲ್ಲಿ 112 ಹೆಸರಿಗಷ್ಟೇ ಜಾಗ, 1.44ರಲ್ಲಿ 224. ಚಿಕ್ಕಪುಟ್ಟ ಫೈಲುಗಳ ರಾಶಿ ಬಿಚ್ಚುವಾಗ ಈ ಮಿತಿ ಬೇಗ ಮುಟ್ಟುತ್ತದೆ. ಒಂದು ಡೈರೆಕ್ಟರಿ ಮಾಡಿ ಅದರೊಳಗೆ ಬಿಚ್ಚಿ.

ಬಿಚ್ಚಿತು, ಆದರೆ ಓಡುತ್ತಿಲ್ಲ

'ಪ್ಯಾಕ್ಡ್ ಫೈಲ್ ಈಸ್ ಕರಪ್ಟ್' ಅಂತ ಡಾಸ್ ಹೇಳಿದರೆ ನಂಬಬೇಡಿ. ಫೈಲ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಎಕ್ಸ್‌ಇಪ್ಯಾಕ್ ಎಂಬ ಉಪಕರಣದಿಂದ ಹಿಂಡಿದ ಪ್ರೋಗ್ರಾಮ್ ಮೆಮೊರಿಯ ಮೊದಲ 64 ಕೆಬಿಯೊಳಗೆ ಬಂದು ಕೂತರೆ ತನ್ನನ್ನು ತಾನೇ ತಪ್ಪಾಗಿ ಬಿಚ್ಚಿಕೊಳ್ಳುತ್ತದೆ. ಹಳೆ ಡಾಸ್‌ಗಳಲ್ಲಿ ಆ ಜಾಗದಲ್ಲಿ ಡಾಸೇ ಕೂತಿರುತ್ತಿದ್ದರಿಂದ ಇದು ಗೊತ್ತಾಗುತ್ತಿರಲಿಲ್ಲ. 1991ರ ಡಾಸ್ 5 ತಾನು ಮೇಲಕ್ಕೆ ಹೋಗಿ ಕೆಳಗಿನ ಜಾಗ ಖಾಲಿ ಮಾಡಿಕೊಟ್ಟಿತು, ದೋಷ ಬಯಲಾಯಿತು. ಪ್ರೋಗ್ರಾಮಿನ ಹೆಸರಿನ ಮುಂದೆ ಲೋಡ್‌ಫಿಕ್ಸ್ ಅಂತ ಸೇರಿಸಿ ಓಡಿಸಿ. ಇವತ್ತಿನ ಯಂತ್ರದಲ್ಲಿ ಡಾಸಿನಂತೆ ನಡೆಯುವ ಡಾಸ್‌ಬಾಕ್ಸ್ ಎಮ್ಯುಲೇಟರಿನಲ್ಲೂ ಈ ಆಜ್ಞೆ ಇದೆ.

'ರನ್‌ಟೈಮ್ ಎರರ್ 200' ಬಂದರೆ ಅದು ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದದ್ದು, ನಿಮ್ಮ ಯಂತ್ರ ಅದಕ್ಕೆ ಅತಿ ವೇಗ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ (ವೇಗದ ಅಳತೆ) ಕಡಿಮೆ ಮಾಡಿ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಮ್ ನೇರವಾಗಿ ಓಡುವುದೇ ಇಲ್ಲ.

ಅಮಿಗಾದಲ್ಲಿ ಆಟ ನಡುವೆ ಕುಸಿದರೆ ಮೆಮೊರಿ ನೋಡಿ. ಹಿಂಡಿದ ಪ್ರೋಗ್ರಾಮ್ ಬಿಚ್ಚಿಕೊಳ್ಳುವಾಗ ಹಿಂಡಿದ ರೂಪ, ಬಿಚ್ಚಿದ ರೂಪ ಎರಡಕ್ಕೂ ಒಟ್ಟಿಗೆ ಜಾಗ ಬೇಕಾಗಬಹುದು. ಅರ್ಧ ಎಂಬಿಯ ಎ500 ಮಾದರಿಯ ಅಮಿಗಾಕ್ಕೆ ಅದು ಭಾರ. ಎಮ್ಯುಲೇಟರಿನಲ್ಲಿ 1 ಎಂಬಿ, ಕಿಕ್‌ಸ್ಟಾರ್ಟ್ (ಅಮಿಗಾದ ಚಿಪ್ಪಿನಲ್ಲಿದ್ದ ಮೂಲ ವ್ಯವಸ್ಥೆ) 1.3 ಕೊಟ್ಟು ನೋಡಿ.

ಇಷ್ಟೆಲ್ಲ ಮಾಡಿದರೂ ಆಗಲಿಲ್ಲ

ಖರ್ಚು ಶುರುವಾಗುವುದು ಈಗ. ಗ್ರೀಸ್‌ವೀಸಲ್ ಎಂಬ ಚಿಕ್ಕ ಬೋರ್ಡ್ ಸಿಗುತ್ತದೆ. ಹಳೆ ಪಿಸಿ ಫ್ಲಾಪಿ ಡ್ರೈವನ್ನು ರಿಬ್ಬನ್ ಕೇಬಲ್ಲಿನಿಂದ ಅದಕ್ಕೆ ಜೋಡಿಸಿ ಯುಎಸ್‌ಬಿಗೆ ಹಾಕಬೇಕು. ಅದು ಸೆಕ್ಟರ್ ಲೆಕ್ಕ ನೋಡದೆ ಡಿಸ್ಕಿನ ಮೇಲಿನ ಕಾಂತದ ಏರಿಳಿತವನ್ನೇ ಎತ್ತಿಕೊಳ್ಳುತ್ತದೆ. ಅಮಿಗಾ, ಎಸ್‌ಟಿ, 21 ಸೆಕ್ಟರ್, ಎರಡೂ ಯಂತ್ರಕ್ಕೆ ಸೇರಿದ ಜೋಡಿ ಡಿಸ್ಕ್, ಯಾವುದಾದರೂ ಸರಿ. ಅರ್ಥ ಮಾಡಿಕೊಳ್ಳುವ ಕೆಲಸ ಆಮೇಲೆ ನಿಧಾನವಾಗಿ ಕಂಪ್ಯೂಟರಿನಲ್ಲಿ.

ಬಂದ ಇಮೇಜಿನ ಅಳತೆ ನೋಡಿ. ಅಮಿಗಾ ಡಿಸ್ಕಿನ ಇಮೇಜ್ (ಎಡಿಎಫ್) ಆದರೆ 9,01,120 ಬೈಟ್. ಮಾಮೂಲಿ ಎಸ್‌ಟಿ ಅಥವಾ 720 ಕೆಬಿ ಪಿಸಿ ಡಿಸ್ಕ್ 7,37,280. 1.44 ಎಂಬಿಯದ್ದು 14,74,560, ಡಿಎಂಎಫ್ 17,20,320. ಇದಕ್ಕಿಂತ ಕಡಿಮೆ ಬಂದರೆ ಓದುವುದು ನಡುವೆ ನಿಂತಿರಬಹುದು. ಎಸ್‌ಟಿಯದ್ದು ಜಾಸ್ತಿ ಬಂದರೆ ಅದು ಆ 10 ಸೆಕ್ಟರಿನ ಕರಾಮತ್ತು.

ಹಾಳೆಯ ಮೇಲಿನ ಕಂದು ಲೇಪ ಉದುರುತ್ತಿದ್ದರೆ, ಗೀರು ಉಂಗುರದಂತೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಒಂದೊಂದು ಸಲ ತಿರುಗಿದಾಗಲೂ ಉಳಿದದ್ದು ಕಡಿಮೆಯಾಗುತ್ತದೆ. ಒಳಗಿರುವುದು ಬೇರೆಲ್ಲೂ ಸಿಗದ್ದಾದರೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ. ಮ್ಯಾಗಜೀನ್ ಡಿಸ್ಕಿಗೆ ಅಷ್ಟು ಖರ್ಚು ನನ್ನ ಪ್ರಕಾರ ದಂಡ, ಇನ್ನೊಂದು ಪ್ರತಿ ಹುಡುಕುವುದೇ ಅಗ್ಗ.

ಯಂತ್ರದ ವಿಷಯದಲ್ಲೂ ಗೆರೆ ಇದೆ. ಹಳೆ ಅಮಿಗಾದ ಪವರ್ ಸಪ್ಲೈಯನ್ನೂ ಪಿಕ್ಚರ್ ಟ್ಯೂಬ್ ಮಾನಿಟರನ್ನೂ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಎ500ರ ಮೆಮೊರಿ ಕಾರ್ಡಿನ ಬ್ಯಾಟರಿ ಸೋರಿ ಹಸಿರು ಪುಡಿ ಹಿಡಿದಿದ್ದರೆ ಬರಿಗೈಯಲ್ಲಿ ಮುಟ್ಟದೆ, ಕರೆಂಟು ಕೊಡದೆ, ಹಳೆ ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರ ಹತ್ತಿರ ತೆಗೆದುಕೊಂಡು ಹೋಗಿ.